ಶುಕ್ರವಾರ ಒಂದು ಎಂಜಿನ್, ಭಾನುವಾರ ಎರಡು

ನಮ್ಮಲ್ಲಿ ಸ್ಕೂಟರ್ ಕಲಿಯಲು ಎಲ್‌ಎಲ್‌ಆರ್ ಮಾಡಿಸಿದವರು ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಬೇಕಾದರೆ 30 ದಿನ ಕಾಯಬೇಕು. ಎಂಟು ಬರೆಯುವುದರಲ್ಲಿ ನೀವು ಜಿಲ್ಲೆಗೇ ಮೊದಲಿಗರಾಗಿರಬಹುದು, ಆರ್‌ಟಿಒ ಕಚೇರಿಗೆ ಅದು ಬೇಕಿಲ್ಲ. ಮೂವತ್ತು ಅಂದರೆ ಮೂವತ್ತು. ಅಮೆರಿಕ ಇಷ್ಟು ಹಿಂದುಳಿದ ದೇಶವಲ್ಲ. ಅಲ್ಲಿ ಒಂಟಿ ಎಂಜಿನ್ನಿನ ವಿಮಾನ ಹಾರಿಸುವ ಲೈಸೆನ್ಸ್ ಕೈಯಲ್ಲಿದ್ದವನು ಎರಡು ಎಂಜಿನ್ನಿನ ವಿಮಾನಕ್ಕೆ ಬಡ್ತಿ ಪಡೆಯಲು ಕನಿಷ್ಠ ಇಷ್ಟು ಗಂಟೆ ಕಲಿತಿರಲೇಬೇಕು ಎಂಬ ನಿಯಮವೇ ಇಲ್ಲ. ಹೊಸದಾಗಿ ಲಿಖಿತ ಪರೀಕ್ಷೆಯೂ ಇಲ್ಲ. ಲಾಗ್‌ಬುಕ್ಕಿನಲ್ಲಿ ಇನ್‌ಸ್ಟ್ರಕ್ಟರ್ ಸಹಿ ಇರಬೇಕು, ಪರೀಕ್ಷಕರ ಪಕ್ಕ ಕೂತು ಒಮ್ಮೆ ಹಾರಿ ತೋರಿಸಬೇಕು. ಅಲ್ಲಿಗೆ ಮುಗಿಯಿತು.

ನಿಯಮ ಬರೆದವರ ಉದ್ದೇಶ ಕೆಟ್ಟದ್ದಲ್ಲ. ಶಿಷ್ಯ ಸಿದ್ಧನಾದನೋ ಇಲ್ಲವೋ ಎಂದು ಹೇಳಬೇಕಾದವನು ಗುರು, ಗಡಿಯಾರವಲ್ಲ ಎಂಬ ನಂಬಿಕೆ ಅವರದು. ಐದು ಗಂಟೆಯಲ್ಲಿ ಕಲಿಯುವವನನ್ನು ಸುಮ್ಮನೆ ಹದಿನೈದು ಗಂಟೆ ಸುತ್ತಿಸಬಾರದು, ಇಪ್ಪತ್ತು ಗಂಟೆ ಬೇಕಾದವನನ್ನು ಹದಿನೈದಕ್ಕೇ ಬಿಟ್ಟುಬಿಡಬಾರದು. ಆದರೆ ಇಂಥ ಉದಾತ್ತ ಮಾತು ಮಾರುಕಟ್ಟೆಯ ಕಿವಿಗೆ ಬೀಳುವಾಗ ಅರ್ಧವಷ್ಟೇ ಬೀಳುತ್ತದೆ. 'ಕನಿಷ್ಠ ಗಂಟೆ ಸೊನ್ನೆ' ಎಂಬುದು ಚೆನ್ನಾಗಿ ಕೇಳಿಸಿತು. ಹೀಗೆ ಹುಟ್ಟಿದ್ದು ಮೂರು ದಿನದ ಮಲ್ಟಿ ಎಂಜಿನ್ ಕೋರ್ಸ್. ಫ್ಲೋರಿಡಾ, ಟೆಕ್ಸಸ್, ಅರಿಜೋನಾ ಎಲ್ಲಿ ಬೇಕಾದರೂ ಸಿಗುತ್ತದೆ. ಶುಕ್ರವಾರ ಬೆಳಿಗ್ಗೆ ಬನ್ನಿ, ಭಾನುವಾರ ಸಂಜೆ ಆ ಬಡ್ತಿ, ಅಂದರೆ ರೇಟಿಂಗ್, ಹಿಡಿದು ಫೋಟೋ ತೆಗೆಸಿಕೊಳ್ಳಿ. ಆ ಫೋಟೋದಲ್ಲಿ ಎಲ್ಲರೂ ಹೆಬ್ಬೆರಳೆತ್ತಿರುತ್ತಾರೆ. ವಿಮಾನದ ಎರಡೂ ಪ್ರೊಪೆಲ್ಲರ್ ನಿಂತಿರುತ್ತವೆ.

ವಿದೇಶಿ ವಿದ್ಯಾರ್ಥಿಗೆ ಮಾತ್ರ ಒಂದು ಸಣ್ಣ ತಡೆ ಇದೆ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಕೆಲವರು ಅಮೆರಿಕದ ಶಾಲೆಗಳಲ್ಲೇ ವಿಮಾನ ಕಲಿತವರಾದ್ದರಿಂದ, ಮಲ್ಟಿ ಎಂಜಿನ್ ಕಲಿಯಬಯಸುವ ಪರದೇಶದವನು ಅಲ್ಲಿನ ಸಾರಿಗೆ ಭದ್ರತಾ ಇಲಾಖೆಗೆ ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆ ಮುಗಿಯುವ ತನಕ ಕಾಯಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಅಂದರೆ ನೀವು ವಿಮಾನವನ್ನು ಬೇಕಂತಲೇ ಬೀಳಿಸುವವರೋ ಎಂದು ನೋಡಲು ವಾರಗಟ್ಟಲೆ. ಬೇಡವೆಂದರೂ ಬೀಳಿಸುವವರೋ ಎಂದು ನೋಡಲು ಮೂರು ದಿನ.

ಇದರಲ್ಲಿ ನಮಗೇನು ಎನ್ನಬೇಡಿ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಅದೇ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಬಂದ ಮೇಲೆ ಕಾಕ್‌ಪಿಟ್ಟಿನ ಕನಸು ಮೆಡಿಕಲ್ ಸೀಟಿನ ಕನಸಿಗೆ ಸರಿಸಮ ಪೈಪೋಟಿ ಕೊಡುತ್ತಿದೆ. ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ತರಬೇತಿ ಶಾಲೆ ಇದ್ದರೂ ಸೈಟು ಮಾರಿ, ಕಾಫಿ ತೋಟ ಅಡವಿಟ್ಟು ಮಕ್ಕಳನ್ನು ಕಡಲಾಚೆ ಕಳಿಸುವ ಮನೆಗಳಿಗೆ ಕೊರತೆಯಿಲ್ಲ. ಮಗ ಒಂಟಿ ಎಂಜಿನ್ನಿನಲ್ಲಿ ಕಮರ್ಷಿಯಲ್ ಲೈಸೆನ್ಸ್ ಮುಗಿಸುವ ಹೊತ್ತಿಗೆ ಸಾಲದ ದುಡ್ಡು ತಳ ಕಂಡಿರುತ್ತದೆ. ಉಳಿದಿರುವುದು ಮಲ್ಟಿ ಒಂದೇ. ಆಗ ಕಣ್ಣಿಗೆ ಬೀಳುತ್ತದೆ ಮೂರು ದಿನದ ಜಾಹೀರಾತು. ಅಪ್ಪ ಫೋನಿನಲ್ಲಿ ಒಂದೇ ಮಾತು ಕೇಳುತ್ತಾರೆ: "ಏರ್‌ಬಸ್ಸಿಗೂ ಎರಡೇ ಎಂಜಿನ್ ತಾನೆ? ಹಾಗಾದರೆ ಇದನ್ನು ಬೇಗ ಮುಗಿಸಿಬಿಡು."

ಅಪ್ಪನ ಲೆಕ್ಕ ಸರಿ, ತರ್ಕ ಮಾತ್ರ ತಲೆಕೆಳಗು. ಏರ್‌ಬಸ್ 320 ಓಡುದಾರಿಯಲ್ಲಿ ಇನ್ನು ನಿಲ್ಲಿಸುವಂತಿಲ್ಲ ಎಂಬ ನಿರ್ಧಾರದ ವೇಗ ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ಮೇಲೇರಬಲ್ಲದು. ಏರಲೇಬೇಕು; ಅದನ್ನು ಸಾಬೀತು ಮಾಡದೆ ಅದಕ್ಕೆ ಪ್ರಮಾಣಪತ್ರವೇ ಸಿಗುತ್ತಿರಲಿಲ್ಲ. ಮಗ ಕಲಿಯಲು ಹೊರಟಿರುವ ನಾಲ್ಕು ಸೀಟಿನ ಪುಟ್ಟ ವಿಮಾನಕ್ಕೆ ಆ ಕಟ್ಟುಪಾಡಿಲ್ಲ. ಹಳೆಯ ಅಮೆರಿಕನ್ ನಿಯಮದ ಪ್ರಕಾರ 6,000 ಪೌಂಡಿನ ಒಳಗಿನ, ಮೆಲ್ಲಗೆ ಇಳಿಯಬಲ್ಲ ಜೋಡಿ ಎಂಜಿನ್ ವಿಮಾನ ಒಂದೇ ಎಂಜಿನ್ನಿನಲ್ಲಿ 5,000 ಅಡಿ ಎತ್ತರದಲ್ಲಿ ಏನು ಮಾಡುತ್ತದೆ ಎಂದು ತಯಾರಕರು ಅಳೆದು ಹೇಳಿದರೆ ಸಾಕು. ಏರುತ್ತದೆ ಎಂದೇ ಹೇಳಬೇಕಿಲ್ಲ. 'ಇಳಿಯುತ್ತದೆ' ಎಂದು ಹೇಳಿದರೂ ನಿಯಮ ಪಾಲಿಸಿದಂತೆಯೇ. ಎರಡನೇ ಎಂಜಿನ್ ಇರುವುದು ಅಪಘಾತದ ಜಾಗಕ್ಕೆ ನಿಮ್ಮನ್ನು ತಲುಪಿಸಲು ಎಂಬ ಹಳೇ ಜೋಕು ಪೈಲಟ್‌ಗಳ ನಡುವೆ ಸುಮ್ಮನೆ ಉಳಿದುಬಂದಿಲ್ಲ.

ಜೋಡೆತ್ತಿನ ಗಾಡಿಯಲ್ಲಿ ಒಂದೆತ್ತು ಮಲಗಿದರೆ ಗಾಡಿ ನಿಲ್ಲುತ್ತದೆ, ಗಾಡಿಯವನು ಇಳಿದು ಬೀಡಿ ಹಚ್ಚಬಹುದು. ವಿಮಾನದಲ್ಲಿ ಎಡ ಎಂಜಿನ್ ಮಲಗಿದರೆ ಬಲದ್ದು ಪೂರ್ತಿ ರಭಸದಲ್ಲಿ ಎಳೆಯುತ್ತಲೇ ಇರುತ್ತದೆ. ಮೂಗು ಎಡಕ್ಕೆ ತಿರುಗುತ್ತದೆ, ಬೆನ್ನಿಗೇ ಎಡ ರೆಕ್ಕೆ ಕುಸಿಯುತ್ತದೆ. ಅದನ್ನು ತಡೆಯುವುದು ಬಲಗಾಲು ಒತ್ತಿಹಿಡಿದ ರಡ್ಡರ್. ರಡ್ಡರಿಗೆ ಶಕ್ತಿ ಬರುವುದು ಗಾಳಿಯ ವೇಗದಿಂದ. ವೇಗ ಒಂದು ಮಿತಿಗಿಂತ ಕೆಳಗಿಳಿದರೆ ಪೂರ್ತಿ ಒತ್ತಿದ ರಡ್ಡರೂ ಸಾಲದೆ ವಿಮಾನ ಮಗುಚಿಕೊಳ್ಳುತ್ತದೆ. ಆ ಮಿತಿಗೆ ವಿಎಂಸಿ ಎಂದು ಹೆಸರು. ವೇಗಸೂಚಕದಲ್ಲಿ ಅದಕ್ಕೊಂದು ಕೆಂಪು ಗೆರೆ. ಒಂಟಿ ಎಂಜಿನ್ನಿನಲ್ಲಿ ಅತಿ ಚೆನ್ನಾಗಿ ಏರುವ ವೇಗಕ್ಕೆ ನೀಲಿ ಗೆರೆ. ತರಬೇತಿ ಶಾಲೆಗಳ ಮೆಚ್ಚಿನ ಪೈಪರ್ ಸೆಮಿನೋಲ್‌ನಲ್ಲಿ ಕೆಂಪು 56 ನಾಟ್, ನೀಲಿ 88. ಮಲ್ಟಿ ಎಂಜಿನ್ ವಿದ್ಯೆಯ ಬಹುಪಾಲು ಇರುವುದು ಈ ಎರಡು ಗೆರೆಗಳ ನಡುವೆ. ಎರಡೂ ಎಂಜಿನ್ ಸರಿಯಿದ್ದಾಗ ಹಾರಿಸುವುದು ಮೊದಲ ದಿನದ ಊಟದ ಹೊತ್ತಿಗೇ ಬಂದುಬಿಡುತ್ತದೆ. ಅದಕ್ಕೆ ಕೋರ್ಸ್ ಬೇಕಿಲ್ಲ.

ಒಂದು ಎಂಜಿನ್ ಹೋದರೆ ಅರ್ಧ ಶಕ್ತಿ ಹೋಯಿತು, ಅರ್ಧ ಉಳಿಯಿತಲ್ಲ ಎಂದು ಸಮಾಧಾನ ಪಡುವವರೂ ಇದ್ದಾರೆ. ಮಟ್ಟಸವಾಗಿ ಹಾರಲು ಬೇಕಾದಷ್ಟು ಖರ್ಚಾದ ಮೇಲೆ ಮಿಕ್ಕ ಶಕ್ತಿಯಲ್ಲಷ್ಟೇ ವಿಮಾನ ಏರುವುದು. ಸಂಬಳ ಅರ್ಧವಾದವನ ಉಳಿತಾಯವೂ ಅರ್ಧವಾಗುವುದಿಲ್ಲ, ಮಾಯವಾಗುತ್ತದೆ. ಏರುವ ಸಾಮರ್ಥ್ಯ ಶೇಕಡಾ 80 ಅಥವಾ ಅದಕ್ಕೂ ಹೆಚ್ಚು ಕುಸಿಯುತ್ತದೆ. ತಲಾ 180 ಅಶ್ವಶಕ್ತಿಯ ಎರಡು ಎಂಜಿನ್ನಿನ ಸೆಮಿನೋಲ್ ಪೂರ್ತಿ ಭಾರ ಹೊತ್ತು ಒಂದೇ ಎಂಜಿನ್ನಿನಲ್ಲಿ ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ ಇನ್ನೂರು ಚಿಲ್ಲರೆ ಅಡಿ ಏರಿದರೆ ದೊಡ್ಡದು. ಸುಮಾರು 3,800 ಅಡಿಗೆ ಅದರ ಉಸಿರು ಮುಗಿಯುತ್ತದೆ.

ಈಗ ಊರಿನ ಲೆಕ್ಕಕ್ಕೆ ಬನ್ನಿ. ಬೆಂಗಳೂರು ಇರುವುದೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಸೆಕೆಯಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ನೆಲದ ಮೇಲೆ ನಿಂತಿರುವ ವಿಮಾನ ತಾನು 5,000 ಅಡಿಗೂ ಮೇಲಿದ್ದೇನೆ ಎಂದು ಭಾವಿಸುತ್ತದೆ. ಅಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ನಿಮ್ಮನ್ನು ಮೇಲಕ್ಕೆತ್ತುವುದಿಲ್ಲ; ಹೆಬ್ಬಾಳದ ಕಡೆಯೋ ಯಲಹಂಕದ ಕಡೆಯೋ ಎಂದು ಆರಿಸಿಕೊಳ್ಳಲು ಒಂದಿಷ್ಟು ಸಮಯ ಕೊಡುತ್ತದೆ. ಫ್ಲೋರಿಡಾದ ಕಡಲ ತೀರದಲ್ಲಿ ಮೂರು ದಿನ ಕಲಿತವನು ಒಂಟಿ ಎಂಜಿನ್ನಿನಲ್ಲಿ ವಿಮಾನ ತೆವಳುತ್ತಲಾದರೂ ಏರುವುದನ್ನು ಕಣ್ಣಾರೆ ಕಂಡಿರುತ್ತಾನೆ. ಇಳಿಯುವುದನ್ನು ಕಂಡಿರುವುದಿಲ್ಲ. ಬ್ರೋಷರಿನಲ್ಲಿ ಕಡಲ ತೀರದ ಚಿತ್ರ ಇರುವುದು ಸುಂದರವಾಗಿದೆ ಎಂಬ ಕಾರಣಕ್ಕಷ್ಟೇ, ಅಲ್ಲಿ ಗಾಳಿ ದಪ್ಪ ಎಂಬುದಕ್ಕಲ್ಲ.

ಆದರೂ ಕೋರ್ಸ್ ಆರಿಸಲೇಬೇಕು ಎನ್ನುವವರಿಗೆ ನನ್ನ ಕಡೆಯಿಂದ ಕೆಲವು ಉಚಿತ ಸಲಹೆಗಳು.

ವಿಮಾನ ಯಾವುದು ಎಂದು ಕೇಳಬೇಡಿ, ಕೇಳಿದರೆ ಸಂಶಯ ಶುರುವಾಗುತ್ತದೆ. ಸೆಮಿನೋಲ್‌ನ ಎರಡು ಪ್ರೊಪೆಲ್ಲರ್‌ಗಳು ಎದುರುಬದುರು ತಿರುಗುವುದರಿಂದ ಅದರಲ್ಲಿ 'ಕ್ರಿಟಿಕಲ್ ಎಂಜಿನ್' ಎಂಬುದೇ ಇಲ್ಲ. ಯಾವುದು ಕೆಟ್ಟರೂ ಕಷ್ಟ ಒಂದೇ. ಎರಡೂ ಒಂದೇ ದಿಕ್ಕಿಗೆ ತಿರುಗುವ ಹಳೆಯ ವಿಮಾನಗಳಲ್ಲಿ ಎಡ ಎಂಜಿನ್ ಹೋದರೆ ಸಂಕಟ ಹೆಚ್ಚು. ಅದನ್ನು ನೀವು ಪರೀಕ್ಷಕರಿಗೆ ಬಾಯಿಪಾಠ ಒಪ್ಪಿಸುತ್ತೀರಿ, ಕಾಲಿಗೆ ಅದರ ಪರಿಚಯವಿರುವುದಿಲ್ಲ. ಸೆಮಿನೋಲ್‌ನಲ್ಲಿ ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್ಚರ್ ಎಂದು ಎಂಜಿನ್ನಿಗೆ ಮೂರರಂತೆ ಆರು ಲಿವರ್. ಸತ್ತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಲ್ಲದಂತೆ ಅಲಗು ತಿರುಗಿಸಿ ಫೆದರ್ ಮಾಡಬೇಕು. ಅದೂ ಅದರ ಸುತ್ತು ನಿಮಿಷಕ್ಕೆ ಸುಮಾರು 950ಕ್ಕಿಂತ ಕೆಳಗಿಳಿಯುವ ಮೊದಲೇ. ತಡವಾದರೆ ಅಲಗುಗಳು ಬೀಗ ಬಿದ್ದು ನಿಲ್ಲುತ್ತವೆ. ಗಾಬರಿಯಲ್ಲಿ ಓಡುತ್ತಿರುವ ಎಂಜಿನ್ನಿನ ಲಿವರನ್ನೇ ಎಳೆದರಂತೂ ಅದೂ ನಿಂತಿತು. ಆಸ್ಟ್ರಿಯದ ಡೈಮಂಡ್ ಡಿಎ42ರಲ್ಲಿ ಎಂಜಿನ್ನಿಗೊಂದೇ ಲಿವರ್. ಮಾಸ್ಟರ್ ಸ್ವಿಚ್ ಆಫ್ ಮಾಡಿದರೆ ಫೆದರ್ ತಾನಾಗಿಯೇ ಆಗುತ್ತದೆ. ಸೊಗಸಾದ ವಿಮಾನ. ಅದರಲ್ಲಿ ಕಲಿತು ನಾಳೆ ಆರು ಲಿವರಿನ ಮುಂದೆ ಕೂತಾಗ ನಿಮಗೆ ಹಳೆಯ ಹಾರ್ಮೋನಿಯಂ ನೆನಪಾದರೆ ಶಾಲೆ ಹೊಣೆಯಲ್ಲ. ಇನ್ನೂ ಸುಲಭ ಬೇಕೇ? ಮೂಗಿಗೊಂದು ಬೆನ್ನಿಗೊಂದು ಎಂಜಿನ್ ಇರುವ ಸೆಸ್ನಾ 337 ಹುಡುಕಿ. ಒಂದು ಕೆಟ್ಟರೂ ವಿಮಾನ ಪಕ್ಕಕ್ಕೆ ತಿರುಗುವುದಿಲ್ಲ. ಆದರೆ ಇಂಥದ್ದರಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸಿನ ಮೇಲೆ 'ನಡುಗೆರೆಯ ಎಳೆತಕ್ಕೆ ಮಾತ್ರ' ಎಂಬ ಷರಾ ಬೀಳುತ್ತದೆ. ಕಲಿಯದೇ ಇದ್ದದ್ದನ್ನು ಸರ್ಕಾರವೇ ಬರೆದುಕೊಡುವ ಅಪರೂಪದ ಪ್ರಾಮಾಣಿಕತೆ ಅದು.

ದರ ಕೇಳುವಾಗ ಒಟ್ಟು ಮೊತ್ತವನ್ನಷ್ಟೇ ನೋಡಿ, ಕೆಳಗಿನ ಸಣ್ಣಕ್ಷರ ಕಣ್ಣಿಗೆ ಒಳ್ಳೆಯದಲ್ಲ. ಪರೀಕ್ಷಕರ ಶುಲ್ಕ ಬೇರೆ, ಪರೀಕ್ಷೆಗೆ ವಿಮಾನದ ಬಾಡಿಗೆ ಬೇರೆ ಎಂದು ಅಲ್ಲಿ ಬರೆದಿರುತ್ತದೆ. ಪ್ಯಾಕೇಜಿನಲ್ಲಿ ಇರುವುದು ಇಷ್ಟೇ ಗಂಟೆ, ಹೆಚ್ಚು ಬೇಕಾದರೆ ಗಂಟೆಗೆ ಮುನ್ನೂರು ಡಾಲರಿಗೂ ಮೀರಿ ತೆರಬೇಕು ಎಂದೂ ಬರೆದಿರುತ್ತದೆ. ಇರುವುದೊಂದೇ ವಿಮಾನ, ಅದು ಶನಿವಾರ ಕೆಟ್ಟರೆ ನಿಮ್ಮ ಹೋಟೆಲ್ ಬಿಲ್ಲು ಯಾರ ಲೆಕ್ಕಕ್ಕೆ ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಮೋಡಕ್ಕಂತೂ ಪ್ಯಾಕೇಜ್ ಗೊತ್ತೇ ಇಲ್ಲ. ಹಾಗೆಯೇ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರುವವರು ಒಂದು ಎಂಜಿನ್ ನಿಂತಂತೆ ಭಾವಿಸಿ ಉಪಕರಣಗಳನ್ನಷ್ಟೇ ನೋಡುತ್ತಾ ಇಳಿಯುವುದನ್ನು ಪರೀಕ್ಷೆಯಲ್ಲಿ ತೋರಿಸದಿದ್ದರೆ, ಮಲ್ಟಿ ರೇಟಿಂಗ್ ಬರುವುದು 'ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ' ಎಂಬ ಷರತ್ತಿನೊಂದಿಗೆ. ಅತಿ ಅಗ್ಗದ ಪ್ಯಾಕೇಜ್ ಅಗ್ಗವಾಗಿರುವುದು ಹೇಗೆ ಎಂಬುದಕ್ಕೆ ಉತ್ತರ ಕೆಲವೊಮ್ಮೆ ಇಲ್ಲೇ ಅಡಗಿರುತ್ತದೆ.

ರೇಟಿಂಗ್ ಸಿಕ್ಕ ಸೋಮವಾರ ಒಂದು ಪ್ರಯೋಗ ಮಾಡಿ. ಅದೇ ಶಾಲೆಗೆ ಹೋಗಿ ಅದೇ ವಿಮಾನವನ್ನು ಒಬ್ಬರೇ ಹಾರಿಸಲು ಬಾಡಿಗೆಗೆ ಕೇಳಿ. ಬಹಳ ಕಡೆ ನಗುಮುಖದಲ್ಲೇ ಇಲ್ಲ ಎನ್ನುತ್ತಾರೆ. ವಿಮೆ ಕಂಪನಿ ಒಪ್ಪುವುದಿಲ್ಲವಂತೆ. ಜೋಡಿ ಎಂಜಿನ್ನಿನಲ್ಲಿ ಇನ್ನಷ್ಟು ಗಂಟೆ ಆಗಿರಬೇಕಂತೆ. ನೋಡಿ, ನೀವು ಸಮರ್ಥರು ಎಂದು ಸರ್ಕಾರ ಒಪ್ಪಿತು, ಪರೀಕ್ಷಕರು ಒಪ್ಪಿದರು, ಶಾಲೆ ಸಹಿ ಹಾಕಿತು. ನಿಮ್ಮ ಮೇಲೆ ಸ್ವಂತ ದುಡ್ಡು ಹೂಡಬೇಕಾದವನೊಬ್ಬ ಮಾತ್ರ ಒಪ್ಪಲಿಲ್ಲ. ಮೂರು ದಿನದ ಕೋರ್ಸಿನ ಅತಿ ಪ್ರಾಮಾಣಿಕ ವಿಮರ್ಶೆ ಬೇಕಾದರೆ ಆ ವಿಮೆ ಪತ್ರ ಓದಿ.

ಹಾಗಾದರೆ ಗಂಟೆ ಸೇರಿಸುವುದು ಹೇಗೆ? ಅದಕ್ಕೂ ಪ್ಯಾಕೇಜ್ ಇದೆ. ಇಬ್ಬರು ಪೈಲಟ್‌ಗಳು ಒಂದೇ ವಿಮಾನದಲ್ಲಿ ಕೂರುತ್ತಾರೆ. ಒಬ್ಬ ಹೊರಗೆ ಕಾಣದಂತೆ ಮುಖಕ್ಕೆ ಮರೆ ಕಟ್ಟಿಕೊಂಡು ಉಪಕರಣ ನೋಡಿ ಹಾರಿಸುತ್ತಾನೆ, ಇನ್ನೊಬ್ಬ ಸೇಫ್ಟಿ ಪೈಲಟ್ ಆಗಿ ಹೊರಗೆ ನೋಡುತ್ತಾನೆ. ಅಮೆರಿಕದ ನಿಯಮದಡಿ ಷರತ್ತುಗಳು ಕೂಡಿಬಂದರೆ ಒಂದೇ ಗಂಟೆಯನ್ನು ಇಬ್ಬರೂ ತಾವೇ ಕಮಾಂಡ್‌ನಲ್ಲಿದ್ದಂತೆ ಲಾಗ್‌ಬುಕ್ಕಿಗೆ ಬರೆದುಕೊಳ್ಳಬಹುದು. ಖರ್ಚು ಅರ್ಧ, ಗಂಟೆ ಪೂರ್ತಿ. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಮುಂದೆ ಆ ಗಂಟೆ ಎಷ್ಟಾಗಿ ಎಣಿಕೆಯಾಗುತ್ತದೆ ಎಂದು ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಬಾಯಿಮಾತು ಕಸ್ಟಮ್ಸ್ ದಾಟುವುದಿಲ್ಲ. ಗಂಟೆ ಹೆಚ್ಚಿಸಲು ವಿಮಾನವೇ ಬೇಕಿಲ್ಲದ ದಾರಿಯೂ ಒಂದಿದೆ. ಅಮೆರಿಕದ ಹಳೆಯ ಪೈಲಟ್‌ಗಳು ಇದನ್ನು 'ಪಾರ್ಕರ್ 51 ಗಂಟೆ' ಎನ್ನುತ್ತಾರೆ. ಯುದ್ಧವಿಮಾನ ಪಿ-51 ಅಲ್ಲ, ಪೆನ್ನು. ನಮ್ಮಲ್ಲೂ ಆ ಪೆನ್ನಿಗೆ ಅಭಿಮಾನಿಗಳಿದ್ದರು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರ ಪ್ರಕರಣ ಹೊರಬಿದ್ದಾಗ, ತನಿಖೆ ಹಾರದ ಗಂಟೆಗಳನ್ನು ಹಾರಿದಂತೆ ಬರೆದ ಲಾಗ್‌ಬುಕ್ಕುಗಳ ತನಕ ಹೋಯಿತು.

ಗಂಟೆ ಎಣಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. 2009ರ ಫೆಬ್ರುವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವೇಗ ಕುಸಿದು ವಿಮಾನ ಎಚ್ಚರಿಕೆ ಕೊಟ್ಟಾಗ ಮೂಗು ತಗ್ಗಿಸಬೇಕಾದ ಕ್ಯಾಪ್ಟನ್ ಕಂಟ್ರೋಲನ್ನು ತನ್ನತ್ತ ಎಳೆದಿದ್ದರು. ಅಮೆರಿಕದ ಸಂಸತ್ತು ಇದಕ್ಕೆ ಕಂಡುಕೊಂಡ ದೊಡ್ಡ ಮದ್ದು: ಏರ್‌ಲೈನ್ ಸೇರುವವರಿಗೆ ಸಾಮಾನ್ಯವಾಗಿ 1,500 ಗಂಟೆ ಆಗಿರಬೇಕು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ ತಲಾ 2,000ಕ್ಕೂ ಹೆಚ್ಚು ಗಂಟೆ ಆಗಿತ್ತು. ಆ ಕ್ಷಣಕ್ಕೆ ಬೇಕಿದ್ದ ಕೈ ತಿರುವು ಮಾತ್ರ ಲಾಗ್‌ಬುಕ್ಕಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಒಂದೆಡೆ ಸೊನ್ನೆ ಗಂಟೆಯ ನಿಯಮ, ಇನ್ನೊಂದೆಡೆ 1,500 ಗಂಟೆಯ ನಿಯಮ. ಒಂದರಲ್ಲಿ ಎಣಿಕೆಯೇ ಇಲ್ಲ, ಇನ್ನೊಂದರಲ್ಲಿ ಎಣಿಕೆ ಬಿಟ್ಟರೆ ಸುಲಭಕ್ಕೆ ಕಾಣುವುದು ಬೇರೇನೂ ಇಲ್ಲ. ಅಲ್ಲೂ ಇಲ್ಲೂ ಕೊನೆಗೆ ಉಳಿಯುವುದು ಸಹಿ ಹಾಕುವ ಇನ್‌ಸ್ಟ್ರಕ್ಟರಿನ ಮುಲಾಜಿಲ್ಲದ ಮನಸ್ಸು. ಪ್ಯಾಕೇಜಿನಲ್ಲಿ ಅದಕ್ಕೆ ಬೆಲೆ ಕಟ್ಟಲು ಯಾರೂ ಕಲಿತಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ವಾರಕ್ಕೊಂದು ಗಂಟೆ ಹಾರಿ, ಮುಂದಿನ ವಾರದೊಳಗೆ ಮರೆತು, ತಿಂಗಳುಗಟ್ಟಲೆ ಎಳೆಯುವುದಕ್ಕಿಂತ ಮೂರು ದಿನ ಬೇರೇನನ್ನೂ ಯೋಚಿಸದೆ ಕಲಿಯುವುದು ಎಷ್ಟೋ ಮೇಲು. ನೂರಾರು ಗಂಟೆ ಹಾರಿ, ಇನ್‌ಸ್ಟ್ರುಮೆಂಟ್‌ನಲ್ಲಿ ಪಳಗಿ, ಎಂಜಿನ್ ನಿಂತಾಗ ಮಾಡಬೇಕಾದ ಕ್ರಮವನ್ನು ಮನೆಯ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿ ನಿದ್ದೆಯಲ್ಲೂ ಹೇಳುವಷ್ಟು ಉರು ಹೊಡೆದು ಬಂದವನಿಗೆ ಈ ಕೋರ್ಸ್ ವರವೇ. ಯಾವ ಕಾಲು ಸುಮ್ಮನೆ ಕೂತಿದೆಯೋ ಆ ಬದಿಯ ಎಂಜಿನ್ ಸತ್ತಿದೆ, ಥ್ರಾಟಲ್ ಎಳೆದು ಖಾತ್ರಿ ಮಾಡಿಕೋ, ಆಮೇಲಷ್ಟೇ ಫೆದರ್. ಇಷ್ಟನ್ನು ತಂದವನಿಗೆ ಮೂರು ದಿನ ಸಾಣೆ ಹಿಡಿಯಲು ಸಾಕು. ಬರಿಗೈಯಲ್ಲಿ ಬಂದವನಿಗೆ ಅವು ಅವನ ಗೊಂದಲವನ್ನೇ ವೇಗವಾಗಿಸಿ ಕೊಡುತ್ತವೆ. ಬೇಗ ಬಂದದ್ದು ಬೇಗ ಹೋಗುವುದೂ ಉಂಟು: ರೇಟಿಂಗ್ ಮುಗಿಸಿ ಊರಿಗೆ ಬಂದು, ಲೈಸೆನ್ಸ್ ಪರಿವರ್ತನೆಗೆ ಪರೀಕ್ಷೆ ಬರೆಯುತ್ತಾ ಕಡತಗಳ ಹಿಂದೆ ಅಲೆಯುವ ತಿಂಗಳುಗಳಲ್ಲಿ ಜೋಡಿ ಎಂಜಿನ್ ಮುಟ್ಟದೇ ಉಳಿದರೆ, ಕಾಗದದ ಮೇಲಿನ ಸಾಮರ್ಥ್ಯ ಹಾಗೇ ಇರುತ್ತದೆ, ಕಾಲಿನಲ್ಲಿದ್ದದ್ದು ಇರುವುದಿಲ್ಲ.

ಜಾಹೀರಾತಿನ ಕೊನೆಯ ಸಾಲನ್ನು ಬಿಡದೆ ಓದಿ: 'ನಮ್ಮಲ್ಲಿ ನೂರಕ್ಕೆ ನೂರು ಪಾಸ್.' ಇದಕ್ಕೆ ಎರಡೇ ವಿವರಣೆ ಸಾಧ್ಯ. ಬಂದವರೆಲ್ಲ ಪ್ರತಿಭಾವಂತರು, ಇಲ್ಲವೇ ಯಾರನ್ನೂ ತಡೆಯಲಾಗುವುದಿಲ್ಲ. ಆದ್ದರಿಂದ ಸೈಟು ಮಾರುವ ಮೊದಲು ಶಾಲೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ಎಷ್ಟು ಜನರಿಗೆ 'ನೀನಿನ್ನೂ ಸಿದ್ಧನಿಲ್ಲ, ಪರೀಕ್ಷೆ ಮುಂದೂಡು' ಎಂದಿರಿ? ಒಬ್ಬರಿಗೂ ಹೇಳಿಲ್ಲ ಎಂದು ಎದೆಯುಬ್ಬಿಸಿದರೆ ಫೋನ್ ಇಡಿ. ಹತ್ತರಲ್ಲಿ ಇಬ್ಬರಿಗೆ ಹೇಳಿದ್ದೇವೆ, ನಿಮ್ಮ ಮಗನಿಗೂ ಹೇಳಬೇಕಾಗಬಹುದು, ಆಗ ನಾಲ್ಕನೇ ದಿನಕ್ಕೂ ಐದನೇ ದಿನಕ್ಕೂ ಬೇರೆ ಬಿಲ್ಲು ಬರುತ್ತದೆ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಶಾಲೆ ಸಿಕ್ಕರೆ ಅಲ್ಲಿಗೇ ಸೇರಿಸಿ. ಆ ಬಿಲ್ಲಿಗೆ ಮಾತ್ರ ಚೌಕಾಸಿ ಮಾಡಬೇಡಿ.